ಪಾಲಿಹೌಸ್, ಶೇಡ್‌ನೆಟ್, ಬಯಲು: ನಮ್ಮ ಕಡೆಯ 10 ಗುಂಟೆಗೆ ಯಾವುದು?

ಕಬ್ಬು ಕಡಿದು ಮುಗಿಯುವ ಹೊತ್ತಿಗೆ ನನಗೆ ಫೋನ್ ಬರುವುದು ಶುರುವಾಗುತ್ತದೆ. ಹೋದ ವಾರ ಮದ್ದೂರು ಕಡೆಯ ಹುಡುಗನೊಬ್ಬ ಮಾಡಿದ್ದ. "ಅಣ್ಣಾ, ಅರ್ಧ ಎಕರೆ ಖಾಲಿ ಬಿದ್ದಿದೆ. ಪಾಲಿಹೌಸ್ ಹಾಕಿ ಜರ್ಬೆರಾ ಹೂ ಮಾಡ್ಲಾ, ಕ್ಯಾಪ್ಸಿಕಂ ಮಾಡ್ಲಾ? ಅಪ್ಪ ನೋಡಿದ್ರೆ ಸುಮ್ನೆ ಕೂಳೆ ಬಿಡು ಅಂತಾರೆ." ಕೂಳೆ ಅಂದರೆ ಕಡಿದ ಕಬ್ಬಿನ ಬುಡದಿಂದಲೇ ಮತ್ತೆ ಚಿಗುರಿ ಬರುವ ಬೆಳೆ. ನಾನು ತಿರುಗಿ ಕೇಳಿದ್ದು ಒಂದೇ ಮಾತು: "ಮಧ್ಯಾಹ್ನ ಎರಡು ಗಂಟೆಗೆ ಅದರೊಳಗೆ ಯಾರು ಇರ್ತಾರೆ?" ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಹುಡುಗ ಕೆಲಸ ಮಾಡುವುದು ಬೆಂಗಳೂರಿನಲ್ಲಿ. ಶನಿವಾರ ಬಂದು ಭಾನುವಾರ ಸಂಜೆ ಬಸ್ ಹತ್ತುತ್ತಾನೆ.

ಪಾಂಡವಪುರದ ಹತ್ತಿರ ನನ್ನದೂ 10 ಗುಂಟೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಶೀಟ್ ಹೊದಿಸಿದ ಬೆಳೆಮನೆ ಇದೆ. ಅದರಲ್ಲಿ ಕಳೆದುಕೊಂಡಿದ್ದೂ ಇದೆ, ಗಳಿಸಿದ್ದೂ ಇದೆ. ಇಲ್ಲಿ ಬರುವ ಖರ್ಚು, ಬೆಲೆಗಳು ನನ್ನ ಕೈಲೆಕ್ಕ. ನಿಮ್ಮ ಊರಿನ ಆಳಿನ ಕೂಲಿ, ನಿಮ್ಮ ಬ್ಯಾಂಕಿನ ಬಡ್ಡಿ ಹಾಕಿಕೊಂಡು ಒಮ್ಮೆ ನೀವೇ ಕೂಡಿ ನೋಡಿ.

ಕಂಬ ನೆಡುವ ಮೊದಲು ಏನು ನೋಡಬೇಕು

ಎಲ್ಲರೂ ಮೊದಲು ಕೇಳುವುದು ಸಬ್ಸಿಡಿ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ್ದು. ಮೊದಲನೆಯದು ಆಗಲೇ ಹೇಳಿದೆನಲ್ಲ, ದಿನಾ ಒಳಗಿರುವ ಒಬ್ಬ ಮನುಷ್ಯ. ಬಯಲಲ್ಲಿ ಎರಡು ದಿನ ಗಿಡ ನೋಡದಿದ್ದರೆ ಏನೂ ಆಗುವುದಿಲ್ಲ. ಪಾಲಿಹೌಸಿನೊಳಗೆ ಬಿಸಿಯೂ ಜಾಸ್ತಿ, ಗಿಡವೂ ಒತ್ತಾಗಿರುತ್ತದೆ. ಒಂದು ಮೂಲೆಯಲ್ಲಿ ಕಂಡ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳು ನಾಲ್ಕು ದಿನದಲ್ಲಿ ಪೂರ್ತಿ ಮನೆ ಹಿಡಿಯುತ್ತದೆ. ಚಿಗುರು ಮುದುಡಿದ್ದು ಬೈಕಿನಲ್ಲಿ ಕೂತು ನೋಡಿದರೆ ಕಾಣುವುದಿಲ್ಲ. ಎಲೆ ತಿರುಗಿಸಬೇಕು.

ಎರಡನೆಯದು, ಕೈಯಲ್ಲಿ ಎಷ್ಟು ತಿಂಗಳ ಉಸಿರಿದೆ ಅನ್ನೋದು. ಹಾಕಿದ ದುಡ್ಡು ವಾಪಸ್ ಬರೋಕೆ ಶುರುವಾಗುವವರೆಗೆ ಮನೆ ನಡೆಯಬೇಕು, ವಾರವಾರ ಗೊಬ್ಬರದಂಗಡಿಗೆ ಕೊಡಬೇಕು. ಪಾಲಿಹೌಸ್ ಮಾಡಿ ಸೋತವರಲ್ಲಿ ನಾನು ಕಂಡವರು ಬಹುಪಾಲು ಪೈಪಿನ ದುಡ್ಡಿಗೆ ಸೋತವರಲ್ಲ. ಐದನೇ ತಿಂಗಳ ಗೊಬ್ಬರಕ್ಕೆ ದುಡ್ಡಿಲ್ಲದೆ ಸೋತವರು.

ಮೂರನೆಯದು ನೀರು, ಮಣ್ಣು. ನಾಲೆ ಬಯಲಿನವರಿಗೆ ನೀರಿನ ಚಿಂತೆ ಇಲ್ಲ ಅಂತ ಒಣಭೂಮಿಯ ನಾಗಮಂಗಲದವರು ಅಂದುಕೊಳ್ಳುತ್ತಾರೆ. ಆದರೆ ಡ್ರಿಪ್‌ಗೆ ದಿನಾ ನೀರು ಬೇಕು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ದಿನಾ ಹರಿಯುವುದಿಲ್ಲ. ಹಾಗಾಗಿ ಬೋರ್‌ವೆಲ್ ಬೇಕೇ ಬೇಕು, ಅದರ ನೀರು ಗಡಸಾದರೆ ಡ್ರಿಪ್ ತೂತು ಬಿಳಿ ಕಟ್ಟಿಕೊಂಡು ಮುಚ್ಚುತ್ತದೆ. ಒಂದು ಬಾಟಲಿ ನೀರು, ಒಂದು ಕೆ.ಜಿ. ಮಣ್ಣು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ಗೋ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು ಪರೀಕ್ಷೆ ಮಾಡಿಸಿ. ನೀರಿನ ಇಸಿ, ಅಂದರೆ ಉಪ್ಪಿನಂಶದ ಅಳತೆ, 1ರ ಒಳಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಅದಕ್ಕಿಂತ ಜಾಸ್ತಿ ಇದ್ದರೆ ಜರ್ಬೆರಾ ಮರೆತುಬಿಡಿ.

ಮಳೆ ನೀರಿನ ಲೆಕ್ಕವನ್ನೂ ಹಾಕಿ. ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. 10 ಗುಂಟೆ ಅಂದರೆ ಸುಮಾರು 1,000 ಚದರ ಮೀಟರ್. ಅಷ್ಟು ದೊಡ್ಡ ಚಾವಣಿಯ ಮೇಲೆ ಬೀಳುವುದು 7 ಲಕ್ಷ ಲೀಟರ್. ಚದರ ಮೀಟರಿಗೆ ದಿನಕ್ಕೆ 3 ಲೀಟರ್ ಅಂತ ಹಿಡಿದರೆ ಒಂಬತ್ತು ತಿಂಗಳ ಕ್ಯಾಪ್ಸಿಕಂಗೆ ಬೇಕಾಗುವುದು 8 ಲಕ್ಷ ಲೀಟರಿನಷ್ಟು. ಗಟರಿನ ನೀರನ್ನು ಕೃಷಿ ಹೊಂಡಕ್ಕೆ ಇಳಿಸಿದರೆ ಬೋರ್‌ವೆಲ್ ಮೇಲಿನ ಭಾರ ಎಷ್ಟು ಇಳಿಯಿತು ನೋಡಿ. ಅದೂ ಉಪ್ಪಿಲ್ಲದ ನೀರು. ಪೂರ್ತಿ ಹಿಡಿಯೋಕೆ ಆಗಲ್ಲ, ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ ಸುರಿದುಬಿಡುತ್ತದೆ. ಅರ್ಧ ಹಿಡಿದರೂ ಲಾಭವೇ.

ಗದ್ದೆ ಬಯಲಿನವರಿಗೆ ಇನ್ನೊಂದು ಮಾತು. ಪಕ್ಕದವರು ಭತ್ತಕ್ಕೆ ನೀರು ಕಟ್ಟಿದರೆ ನಿಮ್ಮ ಜಮೀನು ಜೌಗು ಹಿಡಿಯುತ್ತಾ? ನನ್ನದು ಹಿಡಿಯುತ್ತಿತ್ತು. ಮೊದಲ ವರ್ಷ ಅದು ತಲೆಗೇ ಹೋಗಲಿಲ್ಲ. ಬೆಡ್ಡಿನ ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು, ಬೆರಳು ಇಳಿಸಿದರೆ ಕೆಸರು. ಕೊನೆಗೆ ಸುತ್ತ ಮೂರಡಿ ಆಳದ ಬಸಿಗಾಲುವೆ ತೆಗೆಸಿ, ಹೊರಗಿನಿಂದ ಕೆಮ್ಮಣ್ಣು ಹೊಡೆಸಿ ಬೆಡ್ ಎತ್ತರಿಸಿದೆ. ಕೊಟ್ಟಿಗೆ ಗೊಬ್ಬರದ ಜೊತೆ ಭತ್ತದ ಹೊಟ್ಟು ಬೆರೆಸಿದರೆ ಮಣ್ಣು ಬಿಡಿಬಿಡಿಯಾಗಿರುತ್ತದೆ. ಹೊಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ನಾಲ್ಕನೆಯದು, ಯಾರಿಗೆ ಮಾರುತ್ತೀರಿ ಅನ್ನೋದು. ಇದನ್ನು ಒಂದೊಂದು ಬೆಳೆಯ ಜೊತೆಗೇ ಹೇಳುತ್ತೇನೆ, ಬೇರೆಬೇರೆ ಬೆಳೆಗೆ ಬೇರೆಬೇರೆ ದಾರಿ.

ಪಾಲಿಹೌಸಿನ ಕಟ್ಟಡದ ಲೆಕ್ಕ

ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಮೇಲೆ 200 ಮೈಕ್ರಾನ್ ಶೀಟ್, ಪಕ್ಕಕ್ಕೆ 40 ಮೆಶ್ ಕೀಟದ ಬಲೆ. ಫ್ಯಾನು ಗೀನು ಇಲ್ಲದೆ ಗಾಳಿ ತಾನಾಗಿ ಆಡುವ ಮಾದರಿ. ನಮ್ಮ ಹವಾಗೆ ಅದೇ ಸಾಕು. 1,008 ಚದರ ಮೀಟರಿನ ಮನೆಗೆ 11 ಲಕ್ಷ ಬೀಳುತ್ತದೆ ಅಂತ ಇಟ್ಟುಕೊಳ್ಳೋಣ.

ರಾಷ್ಟ್ರೀಯ ತೋಟಗಾರಿಕೆ ಮಿಷನ್‌ನ 2014ರ ಮಾರ್ಗಸೂಚಿಯಲ್ಲಿ ಈ ಅಳತೆಗೆ ಚದರ ಮೀಟರಿಗೆ 935 ರೂಪಾಯಿ ದರ ಹಿಡಿದು ಅದರ ಅರ್ಧ ಕೊಡುತ್ತಿದ್ದರು. ಅಂದರೆ ಸುಮಾರು 4.7 ಲಕ್ಷ. ಆಮೇಲೆ ದರ ಪರಿಷ್ಕರಣೆ ಆಗಿದೆ, ಈಗಿನದ್ದನ್ನು ತಾಲ್ಲೂಕು ತೋಟಗಾರಿಕೆ ಇಲಾಖೆಯಲ್ಲಿ ಬರೆಸಿಕೊಳ್ಳಿ. ಗಮನಿಸಬೇಕಾದ್ದು ಬೇರೆ ಇದೆ. ಅರ್ಧ ಅಂದರೆ ನೀವು ಖರ್ಚು ಮಾಡಿದ್ದರ ಅರ್ಧ ಅಲ್ಲ, ಸರ್ಕಾರ ಹಿಡಿದ ದರದ ಅರ್ಧ. ಅದೂ ಕಟ್ಟಿ ಮುಗಿಸಿ, ಅವರು ಬಂದು ಅಳೆದ ಮೇಲೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನಿಮ್ಮದೇ. ಕೆಲಸ ಶುರು ಮಾಡಿ ಅನ್ನೋ ಇಲಾಖೆಯ ಕಾರ್ಯಾದೇಶ ಕೈಗೆ ಬರುವ ಮೊದಲು ಒಂದು ಕಂಬವನ್ನೂ ನೆಡಬೇಡಿ.

ಸಬ್ಸಿಡಿ ಕಳೆದು ಉಳಿದದ್ದರಲ್ಲಿ 6 ಲಕ್ಷ ಸಾಲ ಅಂತ ಹಿಡಿಯಿರಿ. 10% ಬಡ್ಡಿ, ಐದು ವರ್ಷ. ತಿಂಗಳ ಕಂತು 12,750 ರೂಪಾಯಿ, ವರ್ಷಕ್ಕೆ 1.53 ಲಕ್ಷ. ಬೆಳೆ ಬರಲಿ ಬಿಡಲಿ.

ಶೀಟ್ ಮೂರು ನಾಲ್ಕು ವರ್ಷಕ್ಕೆ ಬದಲಿಸಬೇಕು. ಅದಕ್ಕೆ ವರ್ಷಕ್ಕೆ 40,000 ಎತ್ತಿಡಿ. ಕಟ್ಟಿಕೊಡುವ ಕಂಪನಿಯವರು ಕೊಡುವ ಚಂದದ ಲೆಕ್ಕದ ಹಾಳೆಯಲ್ಲಿ ಈ ಸಾಲು ಇರುವುದೇ ಇಲ್ಲ. ನನಗೆ ಕಟ್ಟಿಕೊಟ್ಟವರು ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಅಂತಲೂ ಹೇಳಿದ್ದರು. ಮೊದಲ ಕೊಯ್ಲಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ.

ಇನ್ನು ಆಷಾಢದ ಗಾಳಿ. ಶೀಟನ್ನು ಪೈಪಿಗೆ ಹಿಡಿದಿಡುವುದು ಪ್ರೊಫೈಲು ಅನ್ನೋ ಒಂದು ಲೋಹದ ಪಟ್ಟಿ, ಅದರೊಳಗೆ ಒತ್ತಿ ಕೂರಿಸಿದ ಜಿಗ್‌ಜಾಗ್ ಸ್ಪ್ರಿಂಗು. ಒಂದು ಕಡೆ ಒಂದು ಗೇಣು ಸ್ಪ್ರಿಂಗ್ ಎದ್ದಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ, ನಾಳೆ ನೋಡಿದರಾಯಿತು ಅಂದುಕೊಂಡೆ. ರಾತ್ರಿ ಪಟಪಟ ಸದ್ದು. ನಾನೂ ನನ್ನ ಹೆಂಡತಿಯೂ ಟಾರ್ಚ್ ಹಿಡಿದು ಹಗ್ಗ ಕಟ್ಟೋಕೆ ಹೋದೆವು. ಅಷ್ಟರಲ್ಲಿ ಗಾಳಿ ಒಳಗೆ ನುಗ್ಗಿ ಶೀಟು ಬಲೂನಿನ ಹಾಗೆ ಉಬ್ಬಿತ್ತು. ಬೆಳಗಾಗುವುದರೊಳಗೆ ಒಂದು ಅಂಕಣ ಪೂರ್ತಿ ಹರಿದು ಪಕ್ಕದ ತೆಂಗಿನ ಮರಕ್ಕೆ ಸುತ್ತಿಕೊಂಡಿತ್ತು. ಪಶ್ಚಿಮಕ್ಕೆ ಗಾಳಿ ತಡೆಯುವ ಮರದ ಸಾಲಿಲ್ಲದಿದ್ದರೆ ಮೊದಲು ಅದನ್ನು ನೆಟ್ಟು ಬೆಳೆಸಿ.

ಒಳಗೆ ಏನು: ಕ್ಯಾಪ್ಸಿಕಂ

ದೊಣ್ಣೆ ಮೆಣಸಿನಕಾಯಿ ಅಂದರೆ ನಮ್ಮ ಕಡೆ ಹಸಿರು. ಅದು ಮೈಸೂರಿನ ಬಂಡಿಪಾಳ್ಯದಲ್ಲೂ ಹೋಗುತ್ತದೆ, ಕೇರಳದವರೂ ಎತ್ತುತ್ತಾರೆ. ಕೆಂಪು, ಹಳದಿ ಹಾಗಲ್ಲ. ಅದು ಹೋಟೆಲು, ಸೂಪರ್‌ಮಾರ್ಕೆಟ್ ಮಾಲು. ಹೆಚ್ಚಿನದು ಬೆಂಗಳೂರಿಗೇ ಹೋಗಬೇಕು. ಬಣ್ಣ ತಿರುಗುವವರೆಗೆ ಕಾಯಿ ಗಿಡದಲ್ಲೇ ಇರುವುದರಿಂದ ಕೊಯ್ಲೂ ತಡ, ಇಳುವರಿಯೂ ಸ್ವಲ್ಪ ಕಡಿಮೆ. ಬೆಲೆ ಅದಕ್ಕೆ ತಕ್ಕ ಹಾಗೆ ಜಾಸ್ತಿ ಇದ್ದರೆ ಮಾತ್ರ ಬಣ್ಣಕ್ಕೆ ಬಿಡಿ. ಇಲ್ಲದಿದ್ದರೆ ಹಸಿರಲ್ಲೇ ಕಿತ್ತುಬಿಡಿ.

ಚೆನ್ನಾಗಿ ನೋಡಿಕೊಂಡ ಪಾಲಿಹೌಸಿನಲ್ಲಿ ಹೆಕ್ಟೇರಿಗೆ 80ರಿಂದ 100 ಟನ್ ಬರುತ್ತದೆ. ನಮ್ಮ 10 ಗುಂಟೆಗೆ 8ರಿಂದ 10 ಟನ್. ಸಸಿ, ಗೊಬ್ಬರ, ಔಷಧಿ, ಆಳು, ದಾರ, ಸಾಗಾಟ ಎಲ್ಲ ಸೇರಿ ಒಂದು ಬೆಳೆಗೆ 2.4 ಲಕ್ಷ ಹಿಡಿದಿದ್ದೇನೆ. ಶೀಟಿನ 40,000 ಸೇರಿಸಿದರೆ 2.8 ಲಕ್ಷ. ಕಂತು ಸೇರಿಸಿದರೆ 4.33 ಲಕ್ಷ.

9 ಟನ್ ಬಂದರೆ ಕೆ.ಜಿ.ಗೆ ಅಸಲು ಹುಟ್ಟೋಕೆ ಸಾಲ ಇಲ್ಲದವರಿಗೆ 31 ರೂಪಾಯಿ ಸಾಕು. ಸಾಲ ಇರುವವರಿಗೆ 48 ಬೇಕು. 7 ಟನ್ನಿಗೆ ಇಳಿದರೆ ಇದೇ 40 ಮತ್ತು 62 ಆಗುತ್ತದೆ. ಒಂದೇ ಗಿಡ, ಒಂದೇ ಕಾಯಿ. ಪಕ್ಕದವನು 40ಕ್ಕೆ ಮಾರಿ ನಗುತ್ತಿದ್ದರೆ ನೀವು ಅದೇ ಬೆಲೆಗೆ ಮಾರಿ ಕಂತಿಗೆ ಕೈಸಾಲ ಹುಡುಕುತ್ತಿರುತ್ತೀರಿ. ಬೆಲೆ ಸರಾಸರಿ ಅನ್ನೋದನ್ನೂ ಮರೀಬೇಡಿ. ಎರಡು ವಾರ 80 ಸಿಕ್ಕಿದ್ದು ಊರಿಗೆಲ್ಲ ಸುದ್ದಿಯಾಗುತ್ತದೆ, ಆರು ವಾರ 18ಕ್ಕೆ ಮಾರಿದ್ದು ಯಾರೂ ಹೇಳಲ್ಲ.

ಕೇರಳದ ವ್ಯಾಪಾರಿ ಸಿಕ್ಕಿದ್ದರೆ ಕೊಯ್ಲಿನ ಸಮಯವನ್ನು ಅವನ ಗಾಡಿಗೆ ಹೊಂದಿಸಿಕೊಳ್ಳಿ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ ಹೀಗೇ. ಸಂಜೆ ಆರಕ್ಕೆ ಬಾಕ್ಸ್ ತುಂಬುತ್ತಾ ಕೂತರೆ ಗಾಡಿ ಗುಂಡ್ಲುಪೇಟೆಯಲ್ಲೇ ರಾತ್ರಿ ಕಳೆಯಬೇಕಾಗುತ್ತದೆ.

ಕ್ಯಾಪ್ಸಿಕಂನ ದೊಡ್ಡ ಶತ್ರು ಕಣ್ಣಿಗೆ ಕಾಣದ್ದು, ಬೇರಿನ ಗಂಟು. ಅದೇ ಜಾಗದಲ್ಲಿ ಮೂರನೇ ಬೆಳೆ ಹಾಕುವಾಗ ಗಿಡ ಸೊರಗಿದರೆ ಕಿತ್ತು ಬೇರು ನೋಡಿ. ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಜಂತುಹುಳು. ಬೇವಿನ ಹಿಂಡಿಯ ಜೊತೆ ಟ್ರೈಕೊಡರ್ಮಾ, ಪೆಸಿಲೊಮೈಸಿಸ್ ಅನ್ನೋ ಉಪಕಾರಿ ಶಿಲೀಂಧ್ರ ಬೆಳೆಸಿ ಬೆಡ್ಡಿಗೆ ಸೇರಿಸುವುದನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಡುತ್ತಾರೆ. ಹುಳು ಬಂದ ಮೇಲೆ ಮಾಡಿದರೆ ಅರ್ಧ ಪ್ರಯೋಜನ. ನಾನು ಮಾಡಿದ್ದು ಬಂದ ಮೇಲೆಯೇ.

ಸೌತೆ

ಬೀಜವಿಲ್ಲದ ಇಂಗ್ಲಿಷ್ ಸೌತೆ 40 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಮೂರು, ಮೂರೂವರೆ ತಿಂಗಳಿಗೆ ಮುಗಿಯುತ್ತದೆ. ಉಸಿರು ಕಡಿಮೆ ಇರುವವರಿಗೆ ಇದೇ ಒಳ್ಳೆಯದು. ಬೀಜ ಒಂದೊಂದಕ್ಕೂ ರೂಪಾಯಿಗಟ್ಟಲೆ, ಕಾಯಿ ಎರಡು ದಿನ ಬಿಟ್ಟರೆ ಬಲಿತು ಕೂರುತ್ತದೆ, ಬೇರಿನ ಗಂಟಿಗೆ ಕ್ಯಾಪ್ಸಿಕಂನಷ್ಟೇ ಸಲೀಸಾಗಿ ಸಿಗುತ್ತದೆ. ಮೊದಲ ಬೆಳೆಯಾಗಿ ಸೌತೆ ಹಾಕಿ ಕೈ ಪಳಗಿಸಿಕೊಂಡು ಆಮೇಲೆ ಕ್ಯಾಪ್ಸಿಕಂಗೆ ಹೋಗಿ ಅಂತ ಹೊಸಬರಿಗೆ ನಾನು ಹೇಳುವುದು.

ಜರ್ಬೆರಾ, ಗುಲಾಬಿ

ಆ 2014ರ ಮಾರ್ಗಸೂಚಿಯಲ್ಲೇ ಇನ್ನೊಂದು ಪಟ್ಟಿ ಇತ್ತು. ಗಿಡ ಮತ್ತು ಬೇಸಾಯಕ್ಕೆ ಚದರ ಮೀಟರಿಗೆ ಹಿಡಿದ ವೆಚ್ಚ ಅದು. ತರಕಾರಿಗೆ 140 ರೂಪಾಯಿ. ಗುಲಾಬಿಗೆ 426. ಜರ್ಬೆರಾಗೆ 610. ಈ ಮೂರು ಅಂಕಿ ನೋಡಿದರೆ ಯಾವುದರಲ್ಲಿ ಎಷ್ಟು ದುಡ್ಡು ಮಣ್ಣಲ್ಲಿ ಹೂತಿರುತ್ತದೆ ಅನ್ನೋದು ಗೊತ್ತಾಗುತ್ತದೆ. 10 ಗುಂಟೆ ಜರ್ಬೆರಾಗೆ ಕಟ್ಟಡ ಬಿಟ್ಟು 6.1 ಲಕ್ಷ. ಸಬ್ಸಿಡಿಯಲ್ಲಿ ಅರ್ಧ ವಾಪಸ್ ಬಂದರೂ 3 ಲಕ್ಷ ಕೈಯಿಂದ.

ಬದಲಿಗೆ ಏನು ಸಿಗುತ್ತದೆ? ಒಮ್ಮೆ ನೆಟ್ಟರೆ ಎರಡೂವರೆ, ಮೂರು ವರ್ಷ ಹೂ. ಎರಡು ಎರಡೂವರೆ ತಿಂಗಳಿಗೆ ಹೂ ಶುರು, ಆಮೇಲೆ ದಿನ ಬಿಟ್ಟು ದಿನ ಕೊಯ್ಲು. ಕೈಗೆ ವಾರವಾರ ದುಡ್ಡು ಬರುವ ಬೆಳೆ ಅಂದರೆ ಇದೇ. 6,000 ಗಿಡ, ಗಿಡಕ್ಕೆ ವರ್ಷಕ್ಕೆ 35 ಹೂ ಅಂದರೆ 2.1 ಲಕ್ಷ ಹೂ. ಸಾಲ 9 ಲಕ್ಷಕ್ಕೆ ಏರಿದರೆ ವರ್ಷದ ಕಂತು 2.29 ಲಕ್ಷ. ನಡೆಸುವ ಖರ್ಚು 2.2 ಲಕ್ಷ, ಶೀಟಿನದು 40,000. ಹೂವೊಂದಕ್ಕೆ 2 ರೂಪಾಯಿ 33 ಪೈಸೆ ಬಿದ್ದರೆ ಅಸಲು. ಹತ್ತು ಹೂವಿನ ಕಟ್ಟಿಗೆ 23 ರೂಪಾಯಿ.

ಮದುವೆ ಕಾಲದಲ್ಲಿ ಇದು ಸಲೀಸು. ಆಷಾಢ, ಪಿತೃಪಕ್ಷ, ಧನುರ್ಮಾಸ? ಗಿಡಕ್ಕೆ ಪಂಚಾಂಗ ಗೊತ್ತಿಲ್ಲ, ಹೂ ಬಿಡುತ್ತಲೇ ಇರುತ್ತದೆ. ಕೀಳದಿದ್ದರೆ ಗಿಡ ಹಾಳು. ಕಿತ್ತರೆ ಆಳಿನ ಕೂಲಿಯೂ ಹುಟ್ಟಲ್ಲ. ಜರ್ಬೆರಾವನ್ನು ಯಾರೂ ದೇವರಿಗೆ ಮುಡಿಸಲ್ಲ, ತಲೆಗೆ ಮುಡಿಯಲ್ಲ. ಮಂಟಪದ ಅಲಂಕಾರ ಒಂದೇ ಅದರ ಗಿರಾಕಿ. ಆ ಗಿರಾಕಿಯ ಅರ್ಧ ಜಾಗವನ್ನು ಈಗ ಪ್ಲಾಸ್ಟಿಕ್ ಹೂ ತಿನ್ನುತ್ತಿದೆ.

2020ರಲ್ಲಿ ಲಾಕ್‌ಡೌನ್ ಆದಾಗ ಇದು ಚೆನ್ನಾಗಿ ಗೊತ್ತಾಯಿತು. ಮಾರ್ಚ್‌ನಿಂದ ಮದುವೆಗಳೇ ಇಲ್ಲ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಹೇಳಿತು. 10 ಗುಂಟೆಗೆ ಲೆಕ್ಕ ಹಾಕಿ, 2,500. ಬಯಲಲ್ಲಿ ಚೆಂಡು ಹೂ ಹಾಕಿದವನಿಗೆ ಅದು ಏನೋ ಒಂದಿಷ್ಟು. 6 ಲಕ್ಷದ ಗಿಡ ನೆಟ್ಟವನಿಗೆ?

ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಕಳಿಸಬಹುದು ಅಂತ ಹೇಳುವವರಿದ್ದಾರೆ. ಮೈಸೂರು-ಬೆಂಗಳೂರು ದಶಪಥ ಹೆದ್ದಾರಿಯಲ್ಲಿ ಮಂಡ್ಯದಿಂದ ಕೆಂಗೇರಿಗೆ ಹೋಗುವುದು ಈಗ ಕಷ್ಟವಲ್ಲ. ಕೆಂಗೇರಿಯಿಂದ ಹೆಬ್ಬಾಳಕ್ಕೆ ಹೋಗುವುದರಲ್ಲಿ ಹೂವೂ ಬಾಡುತ್ತದೆ, ಡ್ರೈವರೂ ಬಾಡುತ್ತಾನೆ. ಮೈಸೂರಿನ ಡೆಕೊರೇಷನ್‌ನವರು ಇಬ್ಬರು ಮೂವರು ಕಾಯಂ ಗಿರಾಕಿ ಸಿಕ್ಕರೆ ಮಾತ್ರ ಜರ್ಬೆರಾ ಯೋಚಿಸಿ, ಮೈಸೂರು ತಾಲ್ಲೂಕು, ಶ್ರೀರಂಗಪಟ್ಟಣದವರಿಗೆ ಈ ಅನುಕೂಲ ಜಾಸ್ತಿ.

ಡಚ್ ಗುಲಾಬಿ ಬೇಡ. ಅದಕ್ಕೆ ತಂಪು ಬೇಕು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಮಂಡ್ಯ 700ರ ಆಸುಪಾಸು. ನಮ್ಮ ಏಪ್ರಿಲ್ ಬಿಸಿಲಿಗೆ ಮೊಗ್ಗು ಚಿಕ್ಕದಾಗುತ್ತದೆ, ಕಡ್ಡಿ ಗಿಡ್ಡ ಆಗುತ್ತದೆ. ಹೊಸೂರು, ದೊಡ್ಡಬಳ್ಳಾಪುರದವರ ಜೊತೆ ಪೈಪೋಟಿ ಮಾಡೋಕೆ ಆಗಲ್ಲ.

ಶೇಡ್‌ನೆಟ್

ಪ್ಲಾಸ್ಟಿಕ್ ಶೀಟಿನ ಬದಲು ನೆರಳು ಕೊಡುವ ಬಲೆ ಹೊದಿಸಿದ ಮನೆ ಇದು. ಇದನ್ನು ಬಡವರ ಪಾಲಿಹೌಸ್ ಅಂತ ಜನ ತಪ್ಪು ತಿಳಿಯುತ್ತಾರೆ. ಬಿಸಿಲು ತಡೆಯುತ್ತದೆ, ಮಳೆ ತಡೆಯಲ್ಲ. ಕ್ಯಾಪ್ಸಿಕಂ ಹಾಕಿದರೆ ಅಕ್ಟೋಬರ್ ಮಳೆಗೆ ಎಲೆಚುಕ್ಕೆ, ಕಾಯಿ ಕೊಳೆ ಖಂಡಿತ. ಸರ್ಕಾರದ ಅದೇ ಹಳೆ ದರ ಚದರ ಮೀಟರಿಗೆ 710 ರೂಪಾಯಿ ಇತ್ತು, ಅರ್ಧ ಸಹಾಯಧನ. ಪಾಲಿಹೌಸಿಗೂ ಇದಕ್ಕೂ ದುಡ್ಡಿನಲ್ಲಿ ನೀವು ಅಂದುಕೊಂಡಷ್ಟು ಅಂತರ ಇಲ್ಲ, ಬೆಳೆಯಲ್ಲಿ ತುಂಬಾ ಇದೆ.

ಆದರೆ ಸಸಿ ಮಾಡೋಕೆ ಇದಕ್ಕಿಂತ ಬೇರೆ ಬೇಡ. 98 ಗುಣಿಯ ಟ್ರೇ 800 ಇಟ್ಟರೆ 78,400 ಸಸಿ. ಓಡಾಡುವ ದಾರಿ ಬಿಟ್ಟೂ 2 ಗುಂಟೆಯಲ್ಲಿ ಹಿಡಿಸುತ್ತದೆ. ಟೊಮೇಟೊ ಸಸಿ 25 ದಿನದಲ್ಲಿ ಹೊರಗೆ. ಸಸಿಗೆ 30 ಪೈಸೆ ಉಳಿದರೂ ಒಂದು ಸುತ್ತಿಗೆ 23,000 ದಾಟುತ್ತದೆ. ಮಂಡ್ಯದವರಿಗೆ ಇನ್ನೊಂದು ಗಿರಾಕಿ ಮನೆ ಬಾಗಿಲಲ್ಲೇ ಇದ್ದಾನೆ, ಕಬ್ಬಿನವನು. ಕಬ್ಬಿನ ಒಂದೇ ಕಣ್ಣಿನ ತುಂಡಿನಿಂದ ಬೆಳೆಸಿದ ಸಸಿ ನೆಡುವವರು ಹೆಚ್ಚುತ್ತಿದ್ದಾರೆ. 5 ಅಡಿ ಸಾಲಿನಲ್ಲಿ 2 ಅಡಿಗೊಂದು ನೆಟ್ಟರೆ ಎಕರೆಗೆ 4,356 ಸಸಿ ಬೇಕು. ಊರಲ್ಲಿ ಹತ್ತು ಎಕರೆಯ ಆರ್ಡರ್ ಹಿಡಿದರೂ ಆ ತಿಂಗಳ ಕೆಲಸ ಆಯಿತು. ಕಷ್ಟ ಎಲ್ಲಿ ಅಂದರೆ, ಆರ್ಡರ್ ಕೊಟ್ಟವನು ಮಳೆ ಬರಲಿಲ್ಲ ಅಂತ ಹದಿನೈದು ದಿನ ತಡ ಮಾಡಿದರೆ ಸಸಿ ಬಲಿತು ಬೇರು ಸುತ್ತಿಕೊಳ್ಳುತ್ತದೆ. ಅರ್ಧ ಮುಂಗಡ ಇಲ್ಲದೆ ಬೀಜ ಹಾಕಬೇಡಿ, ಸ್ವಂತ ಮಾವನೇ ಕೇಳಿದರೂ.

ಏನೂ ಕಟ್ಟದೆ

ಕೆಲವರಿಗೆ ಇದೇ ಸರಿ. ಸೇವಂತಿಗೆ ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡ. ಬಯಲಲ್ಲೇ ಬಲ್ಬು ಕಟ್ಟಿ ರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟರೆ ಮೊಗ್ಗು ಮುಂದಕ್ಕೆ ಹೋಗುತ್ತದೆ, ಗಿಡ ಬೆಳೆಯುತ್ತಿರುತ್ತದೆ. ಎಲ್ಲರ ಹೂ ಒಟ್ಟಿಗೆ ಬಂದು ಬೆಲೆ ಬಿದ್ದಾಗ ನಿಮ್ಮದು ಇನ್ನೂ ಮೊಗ್ಗು. ಸೇವಂತಿಗೆ ದೇವರಿಗೂ ಬೇಕು, ಆಯುಧಪೂಜೆಗೆ ಆಟೋಗೂ ಬೇಕು. ಆಷಾಢದಲ್ಲಿ ಮದುವೆ ಇಲ್ಲದಿದ್ದರೂ ಚಾಮುಂಡಿ ಬೆಟ್ಟಕ್ಕೆ ಶುಕ್ರವಾರ ಜನ ಹೋಗುವುದು ನಿಲ್ಲುತ್ತದಾ?

ಸುಗಂಧರಾಜ ಇನ್ನೂ ನಿಧಾನದ್ದು. ಗೆಡ್ಡೆ ಒಮ್ಮೆ ನೆಟ್ಟರೆ ಮೂರು ವರ್ಷ. ಹೆಸರಘಟ್ಟದ ಪ್ರಜ್ವಲ್ ತಳಿ ಹಾರಕ್ಕೆ ಬೇಕಾದ ಬಿಡಿ ಹೂವಿಗೆ ಚೆನ್ನ. ಕಷ್ಟ ಒಂದೇ, ಕತ್ತಲಿರುವಾಗಲೇ ಎದ್ದು ಕೀಳಬೇಕು. ಬಿಸಿಲು ಏರುವ ಮೊದಲು ಹೂ ಮಾರ್ಕೆಟ್ ಸೇರಬೇಕು. ಮನೆಯಲ್ಲಿ ಕೀಳುವ ಕೈಗಳಿದ್ದರೆ ಇದು ಹಾಕಿ, ಕೂಲಿಯವರನ್ನೇ ನಂಬಿದ್ದರೆ ಬೇಡ.

ಯಾರಿಗೆ ಯಾವುದು

ಕೈಯಲ್ಲಿ 6, 7 ಲಕ್ಷ ಸ್ವಂತದ್ದಿದೆ, ಗಂಡ ಹೆಂಡತಿ ಇಬ್ಬರೂ ಜಮೀನಿನಲ್ಲೇ ಇರುತ್ತಾರೆ, ನೀರು ಒಳ್ಳೆಯದು: 10 ಗುಂಟೆ ಪಾಲಿಹೌಸ್ ಹಾಕಿ. ಸೌತೆಯಿಂದ ಶುರು ಮಾಡಿ. ಒಮ್ಮೆಲೇ ಅರ್ಧ ಎಕರೆಗೆ ಹೋಗಬೇಡಿ, ಸಬ್ಸಿಡಿ ಎಷ್ಟೇ ಆಸೆ ತೋರಿಸಿದರೂ.

ಪೂರ್ತಿ ಸಾಲದಲ್ಲೇ ಆಗಬೇಕು ಅಂದರೆ ನನ್ನ ಉತ್ತರ ಶೇಡ್‌ನೆಟ್ ನರ್ಸರಿ, ಅದೂ ಚಿಕ್ಕದು. ಅದಕ್ಕೂ ದುಡ್ಡಿಲ್ಲ, ಮನೆಯಲ್ಲಿ ಜನ ಇದ್ದಾರೆ ಅಂದರೆ ಬಲ್ಬಿನ ಸೇವಂತಿಗೆಯೋ ಸುಗಂಧರಾಜವೋ. ಜರ್ಬೆರಾ, ಮೊದಲೇ ಗಿರಾಕಿ ಹಿಡಿದವರಿಗೆ ಮತ್ತು ಒಂದು ವರ್ಷ ನಷ್ಟವಾದರೂ ಅಲ್ಲಾಡದವರಿಗೆ ಮಾತ್ರ.

ಇನ್ನೂ ಮನಸ್ಸು ಹರಿಯದಿದ್ದರೆ ಎರಡು ಪಾಲಿಹೌಸ್ ನೋಡಿಬನ್ನಿ. ಒಂದು ನಡೆಯುತ್ತಿರುವುದು, ಇನ್ನೊಂದು ನಿಂತುಹೋಗಿರುವುದು. ಬೆಳಿಗ್ಗೆ ತಂಪಿನಲ್ಲಿ ಬೇಡ, ಮಧ್ಯಾಹ್ನ ಹೋಗಿ. ಮಾರಿದ ಚೀಟಿಗಳ ಕಟ್ಟು ತೋರಿಸಿ ಅಂತ ಕೇಳಿ. ನಿಂತುಹೋದದ್ದರ ಮಾಲೀಕ ಮೊದಲು ಮಾತಾಡಲ್ಲ, ಟೀ ಕುಡಿಯುತ್ತಾ ಕೂತರೆ ಎಲ್ಲ ಹೇಳುತ್ತಾನೆ.

ಮದ್ದೂರಿನ ಹುಡುಗ ಭಾನುವಾರ ಮತ್ತೆ ಫೋನ್ ಮಾಡಿದ್ದ. ಕೆಲಸ ಬಿಡುವ ಹಾಗಿಲ್ಲವಂತೆ, ಅಮ್ಮ ನರ್ಸರಿ ನೋಡಿಕೊಳ್ಳುತ್ತೇನೆ ಅಂದರಂತೆ. 3 ಗುಂಟೆ ಶೇಡ್‌ನೆಟ್, ಉಳಿದದ್ದಕ್ಕೆ ಅಪ್ಪನ ಕೂಳೆ ಕಬ್ಬು. ಟ್ರೇಗಳು ಹಳೆಯವು ಕೊಳ್ಳಬಹುದಾ ಅಂತ ಕೇಳಿದ. ಕೊಳ್ಳಬಹುದು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ, ತೊಳೆದು, ಒಂದು ದಿನ ಬಿಸಿಲಿಗೆ ಹಾಕಿದರೆ ಆಯಿತು.